ಹಿಂದಿನ ಗಾಲಿಯ ಬೇರಿಂಗು ಮತ್ತು ಅದರ ಆಯುಷ್ಯ

ಹುಬ್ಬಳ್ಳಿಯ ಬೆಂಗೇರಿಯಂಥ ಬಡಾವಣೆಗಳಲ್ಲಿ ಮೋಟಾರ್ ಸೈಕಲ್ ಇಂದು ಭೋಗದ ವಸ್ತುವಾಗಿ ಉಳಿದಿಲ್ಲ. ಕೆಲಸಕ್ಕೆ ಹೋಗುವವರನ್ನು ಮುಟ್ಟಿಸುವುದು ಅದೇ, ಮಕ್ಕಳನ್ನು ಶಾಲೆಗೆ ಬಿಡುವುದು ಅದೇ, ಸಂತೆಯಿಂದ ಕಾಯಿಪಲ್ಲೆಯ ಚೀಲ ಹೊತ್ತು ತರುವುದೂ ಅದೇ. ಇಂಥ ಗಾಡಿಯ ಹಿಂದಿನ ಗಾಲಿಯಲ್ಲಿ ಒಂದು ದಿನ ಗುರುಗುಟ್ಟುವ ಸದ್ದು ಹುಟ್ಟುತ್ತದೆ. ಮಿಸ್ತ್ರಿ ನೋಡಿ, ಬೇರಿಂಗು ಹೋಗಿದೆ ಎನ್ನುತ್ತಾರೆ; ನೀವು ಹೊಸದು ಹಾಕಿಸುತ್ತೀರಿ. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅದೇ ಸದ್ದು ಮತ್ತೆ! ಕಾರ್ಖಾನೆಯಿಂದ ಬಂದ ಬೇರಿಂಗು ವರ್ಷಗಟ್ಟಲೆ ಬಾಳಿತು. ದುಡ್ಡು ಕೊಟ್ಟು ಹಾಕಿಸಿದ ಹೊಸದು ತಿಂಗಳುಗಳನ್ನೆಣಿಸಿತು. ಹೀಗೇಕೆ? ಈ ಪ್ರಶ್ನೆಯನ್ನೇ ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಬೇರಿಂಗು ಎಂದರೇನು ಎಂಬುದನ್ನು ಮೊದಲು ನೋಡೋಣ. ಎತ್ತಿನ ಗಾಡಿಯ ಗಾಲಿ ಅಚ್ಚಿನ ಮೇಲೆ ತಿಕ್ಕುತ್ತ ತಿರುಗುತ್ತದೆ. ಆ ತಿಕ್ಕಾಟ ತಗ್ಗಲೆಂದೇ ನಮ್ಮ ರೈತರು ಕೀಲೆಣ್ಣೆ ಹಾಕುತ್ತ ಬಂದರು. ಬೇರಿಂಗಿನಲ್ಲಿ ತಿಕ್ಕುವುದರ ಬದಲು ಉರುಳುವ ಏರ್ಪಾಡು ಉಂಟು. ಒಂದರೊಳಗೊಂದು ಇಟ್ಟ ಎರಡು ಉಕ್ಕಿನ ಬಳೆಗಳು, ಅವುಗಳ ನಡುವೆ ಉಕ್ಕಿನ ಗುಂಡುಗಳು, ಗುಂಡುಗಳನ್ನು ಸಮದೂರದಲ್ಲಿ ಹಿಡಿದಿಡುವ ಒಂದು ಪಂಜರ, ಒಂದಿಷ್ಟು ಗ್ರೀಸು: ಇಷ್ಟೇ ಅದರ ಸಂಸಾರ. ಚೈನಿನಿಂದ ಓಡುವ ಗಾಡಿಯಲ್ಲಿ, ಮೆಕ್ಯಾನಿಕರು ಹಬ್ ಎನ್ನುವ ಹಿಂದಿನ ಗಾಲಿಯ ಗುಂಬದ ಎರಡು ಬದಿಗೂ ಒಂದೊಂದು ಬೇರಿಂಗು ಇರುತ್ತದೆ. ಅನೇಕ ಗಾಡಿಗಳಲ್ಲಿ ಹಲ್ಲುಚಕ್ರವನ್ನು, ಅಂದರೆ ಸ್ಪ್ರಾಕೆಟ್ಟನ್ನು ಹೊತ್ತ ಭಾಗದಲ್ಲಿ ಮತ್ತೊಂದಿರುತ್ತದೆ. ಚೈನಿನ ಎಳೆತ ಹೆಚ್ಚಾಗಿ ಬೀಳುವುದು ಈ ಬದಿಯ ಬೇರಿಂಗುಗಳ ಮೇಲೆ.

ಇದರ ಆಯುಷ್ಯಕ್ಕೂ ಒಂದು ಗಣಿತವಿದೆ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬ ಇಬ್ಬರು 1947ರಲ್ಲಿ ಪ್ರಕಟಿಸಿದ ಸಿದ್ಧಾಂತವೇ ಇಂದಿನ ಲೆಕ್ಕಕ್ಕೆ ಬುನಾದಿ. 100 ಬೇರಿಂಗುಗಳಲ್ಲಿ 90 ಕೆಡದೆ ಉಳಿಯುವಷ್ಟು ಸುತ್ತುಗಳನ್ನು ಅದರ ಆಯುಷ್ಯವೆಂದು ಹಿಡಿಯುತ್ತಾರೆ. ಗುಂಡಿನ ಬೇರಿಂಗಿನ ಮೇಲೆ ಭಾರ ಇಮ್ಮಡಿಯಾದರೆ ಆಯುಷ್ಯ ಅರ್ಧಕ್ಕಿಳಿಯುವುದಿಲ್ಲ, ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. 6204 ಎಂಬ ಅಂಕೆಯ ಬೇರಿಂಗನ್ನೇ ತೆಗೆದುಕೊಳ್ಳಿ. ಕೊನೆಯ ಎರಡು ಅಂಕೆಯನ್ನು, ಅಂದರೆ 04ನ್ನು, ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಬರುತ್ತದೆ: 20 ಮಿಲಿಮೀಟರು. ಇದರ ಮೇಲೆ 200 ಕಿಲೋ ಭಾರ ಸತತವಾಗಿ ಬೀಳುತ್ತದೆಂದು ಹಿಡಿದರೂ, ಲೆಕ್ಕದ ಪ್ರಕಾರ ಅದು ಸುಮಾರು 27 ಕೋಟಿ ಸುತ್ತು ತಿರುಗಬೇಕು. ಗಾಲಿಯ ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಕಡಿಮೆ ಎಂದರೆ, ಐದು ಲಕ್ಷ ಕಿಲೋಮೀಟರು!

ಐದು ಲಕ್ಷವೆಲ್ಲಿ, ಒಂದು ಮಳೆಗಾಲವೆಲ್ಲಿ? ಇಲ್ಲೇ ನಮ್ಮ ಪ್ರಶ್ನೆಯ ಉತ್ತರ ಅಡಗಿದೆ. ಮೇಲಿನ ಲೆಕ್ಕ ಉಕ್ಕು ದಣಿದು ಸಾಯುವ ಲೆಕ್ಕ. ನಮ್ಮ ಗಾಡಿಗಳ ಬೇರಿಂಗು ಹಾಗೆ ಮುಪ್ಪಿನಿಂದ ಸಾಯುವುದು ಅಪರೂಪ. ಅದು ಪೆಟ್ಟಿನಿಂದ, ನೀರಿನಿಂದ, ಬಿಗಿತದಿಂದ, ಮೋಸದಿಂದ ಅಕಾಲದಲ್ಲಿ ಸಾಯುತ್ತದೆ. ಒಂದೊಂದನ್ನೇ ನೋಡೋಣ.

ಮೊದಲನೆಯದು ಸುತ್ತಿಗೆಯ ಪೆಟ್ಟು. ಗಾಲಿಯ ಗುಂಬದಲ್ಲಿ ಬಿಗಿಯಾಗಿ ಕೂಡುವುದು ಹೊರಬಳೆ. ಆದ್ದರಿಂದ ಒತ್ತುವುದೂ ಹೊರಬಳೆಯನ್ನೇ. ಅವಸರದಲ್ಲಿ ಒಳಬಳೆಯ ಮೇಲೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹಾಯ್ದು, ಅವು ಉರುಳುವ ಹಾದಿಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಕಣ್ಣಿಗೆ ಕಾಣದ ಆ ಕುಳಿಗಳೇ ಕೆಲವು ತಿಂಗಳ ಮೇಲೆ ಗುರುಗುಟ್ಟುತ್ತವೆ. ಗುಂಬವನ್ನು ಕುದಿನೀರಿನಷ್ಟು ಬಿಸಿ ಮಾಡಿದರೆ ಅಲ್ಯುಮಿನಿಯಂ ಹಿಗ್ಗಿ, ಬೇರಿಂಗು ಹೆಚ್ಚಿನ ಬಲವಿಲ್ಲದೆ ಕೂಡುತ್ತದೆ. ಒಳಬಳೆಗೆ ಹೊಡೆದು ಹೊರತೆಗೆದ ಬೇರಿಂಗನ್ನು ಮತ್ತೆ ಹಾಕಬಾರದೆಂಬುದೂ ಇದೇ ಕಾರಣಕ್ಕೆ.

ಎರಡನೆಯದು ಕೂಡುವ ಜಾಗ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿದ್ದಾರೆ. ಅಂಥ ಹಳೆಯ ಗಾಡಿಗಳಲ್ಲಿ ಹತ್ತಾರು ಸಲ ಬೇರಿಂಗು ತೆಗೆದು ಹಾಕಿ ಗುಂಬದ ತೂತು ಸವೆದಿರಬಹುದು. ಸಡಿಲಾದ ಜಾಗದಲ್ಲಿ ಹೊರಬಳೆಯೇ ತಿರುಗತೊಡಗಿದರೆ ಎಷ್ಟು ಒಳ್ಳೆಯ ಬೇರಿಂಗೂ ಬಾಳದು. ಹಾಗೆಯೇ ಎರಡು ಬೇರಿಂಗುಗಳ ನಡುವೆ ಸ್ಪೇಸರ್ ಎಂಬ ಕೊಳವೆಯೊಂದಿದೆ. ಅದು ಮರೆತುಹೋದರೆ, ಇಲ್ಲವೆ ಗಿಡ್ಡವಾಗಿದ್ದರೆ, ಆಕ್ಸಲ್ ನಟ್ಟು ಬಿಗಿದೊಡನೆ ಒಳಬಳೆಗಳು ಒಂದರ ಕಡೆಗೊಂದು ಸರಿದು ಗುಂಡುಗಳು ಅಡ್ಡಡ್ಡ ಒತ್ತಲ್ಪಡುತ್ತವೆ. ಚೈನಿಲ್ಲದೆ ದಂಡದಿಂದ ಓಡುವ ಗಾಡಿಗಳೂ ಈ ನಿಯಮಕ್ಕೆ ಹೊರತಲ್ಲ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1923ರ ತನ್ನ ಆರ್ 32 ಗಾಡಿಯಿಂದಲೇ ಈ ಪದ್ಧತಿಯನ್ನು ಹಿಡಿದಿತು. ಅಂಥ ಗಾಡಿಯ ಹಿಂದಿನ ಹಲ್ಲುಪೆಟ್ಟಿಗೆಯಲ್ಲಿ ಬೇರಿಂಗು ಬದಲಿಸಿದಾಗ ಒಳಗಿನ ತೆಳುಬಿಲ್ಲೆಯನ್ನು ಮಿಲಿಮೀಟರಿನ ನೂರನೆಯ ಪಾಲಿನ ಲೆಕ್ಕದಲ್ಲಿ ಹೊಸದಾಗಿ ಅಳೆದು ಇಡಬೇಕು. ಹಳೆಯ ಬಿಲ್ಲೆಯನ್ನೇ ಅಳೆಯದೆ ಇಟ್ಟರೆ ಬಿಗಿತ ತಪ್ಪಿ, ಹೊಸ ಬೇರಿಂಗು ಬೇಗ ಕೆಡುವ ಸಂಭವ ಹೆಚ್ಚು.

ಮೂರನೆಯದು ಚೈನು. ಸಡಿಲ ಚೈನು ಸದ್ದು ಮಾಡುತ್ತದೆಂದು ಬಿಗಿಯಾಗಿ ಎಳೆದು ಕಟ್ಟಿಸುವವರು ಬಹಳ. ಇಬ್ಬರು ಕುಳಿತು ಗಾಡಿ ಕುಗ್ಗಿದಾಗ ಚೈನಿಗೆ ಇನ್ನಷ್ಟು ಉದ್ದ ಬೇಕಾಗುತ್ತದೆ. ಸಡಿಲವಿಲ್ಲದಿದ್ದರೆ ಆ ಎಳೆತವೆಲ್ಲ ಹಲ್ಲುಚಕ್ರದ ಬದಿಯ ಬೇರಿಂಗಿನ ಮೇಲೆ. ಭಾರ ಇಮ್ಮಡಿಯಾದರೆ ಆಯುಷ್ಯ ಎಂಟನೆಯ ಪಾಲು ಎಂದೆನಲ್ಲ, ಅದನ್ನು ಇಲ್ಲಿ ನೆನೆಯಿರಿ. ಎಷ್ಟು ಸಡಿಲ ಬೇಕೆಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿಯೇ ಇರುತ್ತದೆ.

ನಾಲ್ಕನೆಯದು ನೀರು ಮತ್ತು ರಾಡಿ. ನಮ್ಮದು ಎರೆಮಣ್ಣಿನ ಸೀಮೆ. ಮಳೆಗಾಲದ ರಾಡಿ ಗುಂಬಕ್ಕೆ ಮೆತ್ತಿಕೊಂಡು ಒಣಗಿದಾಗ, ಗಾಡಿ ತೊಳೆಯುವಲ್ಲಿ ಜೋರಾದ ನೀರಿನ ಧಾರೆಯನ್ನು ನೇರ ಆ ಜಾಗಕ್ಕೇ ಹಿಡಿಯುತ್ತಾರೆ. ಓಡಿ ಬಂದ ಗಾಲಿಯ ಗುಂಬ ಬೆಚ್ಚಗಿರುತ್ತದೆ. ತಣ್ಣೀರು ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆ ಹೀರುತ್ತದೆ. ಆಮೇಲೆ ತುಕ್ಕು. ಬೇರಿಂಗಿನ ಜೊತೆ ಆಯಿಲ್ ಸೀಲನ್ನೂ ಬದಲಿಸದಿದ್ದರೆ ಹೊಸ ಮನೆಗೆ ಹಳೆಯ ಹರಕು ಬಾಗಿಲು ಹಚ್ಚಿದಂತೆಯೇ ಸರಿ.

ಐದನೆಯದು ನಕಲಿ ಮಾಲು. ಹೆಸರುವಾಸಿ ಕಂಪನಿಗಳ ಮುದ್ರೆ ಒತ್ತಿದ ಖೋಟಾ ಬೇರಿಂಗುಗಳ ಕಾಟ ಲೋಕಕ್ಕೆಲ್ಲ ಇದೆ. ಈ ಮಾತಿನಲ್ಲಿ ಬೆಂಗೇರಿಯವರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿಯೇ. ಭಾರತೀಯ ಮಾನಕ ಬ್ಯೂರೋದ ಮುದ್ರೆಯುಳ್ಳ ರಾಷ್ಟ್ರಧ್ವಜ ಸಿದ್ಧವಾಗುವುದೂ ಇಲ್ಲಿಯೇ. 1951ರಲ್ಲಿ ನಮ್ಮ ದೇಶ ಹೊರಡಿಸಿದ ಮೊದಲನೆಯ ಅಂಕೆಯ ಮಾನಕವೇ ಧ್ವಜದ್ದು. ನೂಲು, ಬಣ್ಣ, ಅಳತೆ, ಹೊಲಿಗೆ ಯಾವುದರಲ್ಲಿ ತಪ್ಪಿದರೂ ಧ್ವಜ ಮಾನಕಕ್ಕೆ ಸಲ್ಲದು. ಬಟ್ಟೆಗೆ ಅಷ್ಟು ಪರೀಕ್ಷೆಯಾದರೆ, ಮನೆಮಂದಿಯನ್ನು ಹೊರುವ ಉಕ್ಕಿನ ಬಳೆಗೆ ಒಂದಿಷ್ಟಾದರೂ ಬೇಡವೆ? ಕಂಪನಿಯ ಅಧಿಕೃತ ಮಾರಾಟಗಾರರಲ್ಲಿ ಕೊಳ್ಳಿರಿ, ರಸೀದಿ ಪಡೆಯಿರಿ, ಹಳೆಯದರ ಮೇಲಿನ ಅಂಕೆ ಮತ್ತು ಅಕ್ಷರಗಳೊಡನೆ ಹೊಸದನ್ನು ತಾಳೆ ನೋಡಿರಿ.

ಇನ್ನು ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ಬಯಲು ರಸ್ತೆಯಲ್ಲಿ ಕ್ಲಚ್ಚು ಹಿಡಿದು ಗಾಡಿ ತಾನಾಗಿ ಉರುಳುವಂತೆ ಬಿಡಿ. ಎಂಜಿನ್ನಿನ ಸದ್ದು ತಗ್ಗಿದರೂ ಗಾಲಿಯ ವೇಗದೊಡನೆ ಏರಿಳಿಯುವ ಗುರುಗುಟ್ಟು ಉಳಿದರೆ ಬೇರಿಂಗನ್ನು ಶಂಕಿಸಿರಿ. ಎಂಜಿನ್ನು ನಿಲ್ಲಿಸಿ, ನಡುಸ್ಟ್ಯಾಂಡಿನ ಮೇಲೆ ಗಾಡಿ ನಿಲ್ಲಿಸಿ, ಟೈರನ್ನು ಎರಡು ಕೈಯಿಂದ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕಟಕಟ ಎಂದರೆ, ಸ್ಪ್ರಾಕೆಟ್ ಓಲಾಡಿದರೆ, ಸೀಲಿನ ಅಂಚಿನಲ್ಲಿ ತುಕ್ಕಿನ ಕೆಂಪು ಕಂಡರೆ, ನಾಳೆಗೆ ಮುಂದೂಡಬೇಡಿ. ಪಂಜರ ಮುರಿದು ಗುಂಡುಗಳು ಒಂದೆಡೆ ಸೇರಿದರೆ ಗಾಲಿ ವಾಲುತ್ತದೆ, ಚೈನು ಕಳಚುತ್ತದೆ. ಗಾಲಿ ಓಟದಲ್ಲೇ ಹಿಡಿದು ನಿಂತುಬಿಡಲೂಬಹುದು. ಆಗ ಹಿಂದೆ ಕುಳಿತವರ ಗತಿಯನ್ನು ನಾನು ವರ್ಣಿಸಬೇಕಾಗಿಲ್ಲ.

ಬೇರಿಂಗಿನ ಬೆಲೆ ಕೆಲವು ನೂರು ರೂಪಾಯಿ. ಅದನ್ನು ಸರಿಯಾಗಿ ಕೂಡಿಸಲು ಮಿಸ್ತ್ರಿಗೆ ಬೇಕಾದದ್ದು ಇನ್ನರ್ಧ ಗಂಟೆಯ ತಾಳ್ಮೆ. ಆ ಅರ್ಧ ಗಂಟೆಯನ್ನು ಅವರಿಗೆ ಕೊಡುವವರು ನೀವು. "ಲಗೂನೆ ಮಾಡ್ರಿ" ಎಂದು ಅವಸರಪಡಿಸುವ ಬದಲು, "ಸಾವಕಾಶ ಮಾಡ್ರಿ, ಸ್ಪೇಸರು, ಸೀಲು ಎರಡೂ ನೋಡ್ರಿ" ಎಂದು ಹೇಳಿ ನೋಡಿ. ಅದಕ್ಕೆ ತಕ್ಕ ಕೂಲಿಯನ್ನೂ ಕೊಡಿ. ಹೊಸ ಬೇರಿಂಗಿನ ಆಯುಷ್ಯ ನಿಶ್ಚಯವಾಗುವುದು ಬಹುಪಾಲು ಆ ಅರ್ಧ ಗಂಟೆಯಲ್ಲಿ.