ಚಳಿಯ ವಾರದಲ್ಲಿ ಮನೆ: ಮೈ ಬೆಚ್ಚಗಿರಲಿ, ಕೆಂಡ ಹೊರಗಿರಲಿ

(ರೋಗಿಗಳು ಹಾಗೂ ಅವರ ಮನೆಯವರಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳುವಳಿಕೆ ಕಾರ್ಯಕ್ರಮದಲ್ಲಿ ಶುಶ್ರೂಷಾ ಬೋಧಕಿಯವರು ನೀಡಿದ ಉಪನ್ಯಾಸದ ಬರಹರೂಪ)



ತಾಯಂದಿರೇ, ಹಿರಿಯರೇ, ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯ ದಿನಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಚಳಿ ಹೇಗಿರುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗುತ್ತದೆ. ಬೀದರ, ವಿಜಯಪುರದ ಕಡೆ ಕೆಲವು ವರ್ಷ ಬೆಳಗಿನ ಜಾವದ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಇಂಥ ಚಳಿ ಒಮ್ಮೊಮ್ಮೆ ವಾರಗಟ್ಟಲೆ ಬಿಡುವುದಿಲ್ಲ. ಆ ಒಂದು ವಾರ ಮನೆಯಲ್ಲಿರುವ ಕೂಸು, ಬಾಣಂತಿ, ವಯಸ್ಸಾದವರು, ಸಕ್ಕರೆ ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೇ ಇಂದಿನ ವಿಷಯ.

ಮುಚ್ಚಿದ ಕೋಣೆ, ಒಳಗೆ ಕೆಂಡ

ಚಳಿ ಬಂದಾಗ ನಾವು ಮೊದಲು ಮಾಡುವುದು ಎರಡು ಕೆಲಸ. ಕಿಟಕಿ ಬಾಗಿಲು ಹಾಕುತ್ತೇವೆ, ಬೆಂಕಿ ಮಾಡುತ್ತೇವೆ. ಈ ಎರಡೂ ಒಂದೇ ಕೋಣೆಯಲ್ಲಿ ಕೂಡಿದರೆ ಪ್ರಾಣಕ್ಕೇ ಅಪಾಯ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು, ಗಾಳಿ ಸೋಕಬಾರದೆಂದು ಕಿಟಕಿಗೆ ಅರಿವೆ ತುರುಕಿ ಮಲಗಿಸುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ.

“ಹೊಗೆ ಇರೋದಿಲ್ಲ ಸಿಸ್ಟರ್, ಬರೀ ಕೆಂಡ ಇಡ್ತೀವಿ” ಎಂದು ಹಲವರು ಹೇಳುತ್ತಾರೆ. ಮೋಸ ಇರುವುದೇ ಇಲ್ಲಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗಾಗುವುದು, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಇದಾವುದೂ ಗೊತ್ತಾಗದೆ ನಿದ್ದೆಯಲ್ಲಿಯೇ ಜೀವ ಹೋಗಬಹುದು.

“ನಮ್ಮ ಕಾಲದಾಗ ಐದು ಮಕ್ಕಳ್ನ ಅಗ್ಗಿಷ್ಟಿಗಿ ಮುಂದ ಬೆಳೆಸೀವಿ, ಏನೂ ಆಗಿಲ್ಲಲ್ಲ?” ಎಂದು ಹಿರಿಯ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಯವ್ವಾ, ಆಗಿನ ಮನೆ ನೆನಪು ಮಾಡಿಕೊಳ್ಳಿ. ಮಾಳಿಗೆಗೆ ಬೆಳಕಿಂಡಿ ಇತ್ತು, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಬಾಗಿಲ ಹಲಗೆಗಳ ನಡುವೆ ಬೆರಳು ತೂರುವಷ್ಟು ಸೀಳು ಇರುತ್ತಿತ್ತು. ಆಗಲೂ ಅದು ಪೂರ್ತಿ ಕ್ಷೇಮವೇನೂ ಆಗಿರಲಿಲ್ಲ. ಈಗಿನದು ಸಿಮೆಂಟಿನ ಆರ್‌ಸಿಸಿ ಮನೆ, ಗಾಜಿನ ಕಿಟಕಿ, ಸಂದಿಯಿಲ್ಲದ ಬಾಗಿಲು. ಮನೆ ಬದಲಾಯಿತು, ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ಒಳಗೆ ಹುಟ್ಟಿದ ವಿಷಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ.

ಆದ್ದರಿಂದ ಮಲಗುವ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಒಂದು ಕಿಟಕಿ ತುಸು ತೆರೆದಿದ್ದೇವೆಂಬ ಧೈರ್ಯವೂ ಬೇಡ. ಬೆಂಕಿ ಕಾಯಿಸುವುದಾದರೆ ಅಂಗಳದಲ್ಲಿ ಕಾಯಿಸಿ, ಸೀರೆಯ ಸೆರಗು, ಶಾಲು ಬಿಗಿಯಾಗಿ ಕಟ್ಟಿಕೊಂಡು ಕುಳಿತುಕೊಳ್ಳಿ. ಕೂಸಿಗೆ ಲೋಬಾನದ ಹೊಗೆ ಹಾಕುವುದನ್ನೂ ಬಿಡಿ. ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದೂ ಇದೇ ಅನಿಲವನ್ನು ಬಿಡಬಲ್ಲದು. ಅದು ಬಚ್ಚಲಿನ ಹೊರಗಿರಬೇಕು. ಒಳಗಿದ್ದರೆ ಮೊದಲು ನೀರು ತುಂಬಿಸಿಕೊಂಡು, ಗೀಸರ್ ಬಂದ್ ಮಾಡಿ, ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ. ಕರೆಂಟಿನ ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಬೇಕು.

ಕೋಣೆಯಲ್ಲಿ ಯಾರಾದರೂ ಮಂಪರಾಗಿ ಬಿದ್ದಿದ್ದರೆ ಬಾಗಿಲು ಕಿಟಕಿ ತೆರೆದು, ಕೂಡಲೇ ಅವರನ್ನು ಹೊರಗಿನ ಗಾಳಿಗೆ ತನ್ನಿ. 108ಕ್ಕೆ ಫೋನ್ ಮಾಡಿ. ಎಚ್ಚರವಾದರೂ ಆಸ್ಪತ್ರೆಗೆ ಕರೆತನ್ನಿ, ಆಮ್ಲಜನಕ ಕೊಡಬೇಕಾಗುತ್ತದೆ.

ಕೂಸಿಗೆ ತಾಯಿಯ ಎದೆಯೇ ಅಗ್ಗಿಷ್ಟಿಗೆ

ಹಾಗಾದರೆ ಕೂಸನ್ನು ಬೆಚ್ಚಗಿಡುವುದು ಹೇಗೆ? ಕೂಸಿನ ಬರಿ ಮೈಯನ್ನು ತಾಯಿಯ ಬರಿ ಎದೆಗೆ ಆನಿಸಿ, ಮೇಲೆ ಸೀರೆ, ಕೌದಿ ಹೊದಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಮೂಗು ಬಾಯಿ ಮಾತ್ರ ತೆರೆದಿರಲಿ. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ಆರಂಭವಾದ ಈ ‘ಕಾಂಗರೂ ಆರೈಕೆ’ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗಂತೂ ಇದೇ ದೊಡ್ಡ ಔಷಧ. ತಾಯಿಗೆ ದಣಿವಾದರೆ ತಂದೆ, ಅಜ್ಜಿ ಯಾರಾದರೂ ಹೀಗೆ ಹಿಡಿದುಕೊಳ್ಳಬಹುದು.

ತಲೆಗೆ ಕುಲಾಯಿ, ಕಾಲಿಗೆ ಕಾಲುಚೀಲ ಇರಲಿ. ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ. ಆರು ತಿಂಗಳವರೆಗೆ ಎದೆಹಾಲು ಮಾತ್ರ. ನೆಗಡಿಯೆಂದು ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ.

ಥರ್ಮಾಮೀಟರ್ ಇಲ್ಲದಿದ್ದರೆ ನಿಮ್ಮ ಕೈಯ ಹಿಂಭಾಗದಿಂದ ಕೂಸಿನ ಹೊಟ್ಟೆ, ಅಂಗಾಲು ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಡಲೇ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೆ ಅವಚಿಕೊಂಡೇ ಆಸ್ಪತ್ರೆಗೆ ಬನ್ನಿ. ತಣ್ಣಗಾದ ಕೂಸು ಅಳುವುದಿಲ್ಲ, ಹಾಲು ಕುಡಿಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. “ಎಷ್ಟು ಶಾಂತ ಕೂಸು” ಎಂದುಕೊಳ್ಳಬೇಡಿ.

ಕೆಮ್ಮು ನೆಗಡಿಯಾದ ಮಕ್ಕಳ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬಿದ್ದರೆ, ಅದು ನ್ಯುಮೋನಿಯಾ ಇರಬಹುದು. ಬೆಳಗಾಗಲೆಂದು ಕಾಯಬೇಡಿ.

ಹಿರಿಯರು, ಸಕ್ಕರೆ ಕಾಯಿಲೆಯವರು

ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಬಿಪಿ ಏರುತ್ತದೆ. ಆದ್ದರಿಂದ ಬಿಪಿ, ಹೃದಯದ ತೊಂದರೆ ಇದ್ದವರು ಎಚ್ಚರವಾದ ಕೂಡಲೇ ಹೊರಗೆ ಹೋಗಬೇಡಿ. ಹಾಸಿಗೆಯಲ್ಲಿ ಎದ್ದು ಕುಳಿತು, ಸ್ವೆಟರ್ ಹಾಕಿಕೊಂಡು, ಕಿವಿಗೆ ಟವೆಲ್ ಸುತ್ತಿಕೊಂಡು ಆಮೇಲೆ ಏಳಿ. ವಾಕಿಂಗನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಿ. ಬಾಯಾರಿಕೆ ಆಗದಿದ್ದರೂ ಉಗುರುಬೆಚ್ಚಗಿನ ನೀರು ಆಗಾಗ ಕುಡಿಯಿರಿ. ನೀರಿಗೆ ಡಾಕ್ಟರು ಮಿತಿ ಹೇಳಿದ್ದರೆ ಅಷ್ಟೇ ಕುಡಿಯಿರಿ. ಎದೆ ಬಿಗಿತ, ಎಡಗೈ ಸೆಳೆತ, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ, ಆಸ್ಪತ್ರೆಗೆ ಬನ್ನಿ.

ಸಕ್ಕರೆ ಕಾಯಿಲೆ ಹಳೆಯದಾದವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು. ಅಂಥವರು ಬೆಂಕಿಗೆ ಕಾಲು ಚಾಚಿ ಕುಳಿತರೆ ಸುಡುವುದು ಗೊತ್ತಾಗುವುದೇ ಇಲ್ಲ. ಸಣ್ಣ ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯುವ ಸ್ಥಿತಿ ಬರಬಹುದು. ಬಿಸಿನೀರಿನ ಚೀಲವೂ ಅವರ ಕಾಲಿಗೆ ಬೇಡ. ಸಡಿಲವಾದ ಹತ್ತಿಯ ಕಾಲುಚೀಲ ಸಾಕು. ಹಿಮ್ಮಡಿ ಒಡೆದಿದ್ದರೆ ಕೊಬ್ಬರಿ ಎಣ್ಣೆ ಸವರಿ, ಬೆರಳ ಸಂದಿಗೆ ಬೇಡ. ರಾತ್ರಿ ಮಲಗುವ ಮುನ್ನ ಮಗಳೋ ಸೊಸೆಯೋ ಮೊಮ್ಮಗನೋ ಅವರ ಅಂಗಾಲನ್ನು ಬೆಳಕಿನಲ್ಲಿ ನೋಡಲಿ.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಪೇಸ್ಟ್, ಇಂಕು ಹಚ್ಚಬೇಡಿ.

ಊಟ, ಹಾಸಿಗೆ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಬಿಸಿ ಸಾರು, ಹಸಿ ಕಡಲೆಕಾಯಿ ಈ ಕಾಲಕ್ಕೆ ಒಪ್ಪುವ ಊಟ. ಶೇಂಗಾ ಹೋಳಿಗೆ, ಎಳ್ಳುಂಡೆಯನ್ನು ಸಕ್ಕರೆ ಕಾಯಿಲೆಯವರು ರುಚಿಗಷ್ಟೇ ತಿನ್ನಿ. ಬಿಪಿ ಇದ್ದವರು ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.

ಕೌದಿ, ಕಂಬಳಿಗಳನ್ನು ಮಧ್ಯಾಹ್ನ ಬಿಸಿಲಿಗೆ ಹಾಕಿ ಸಂಜೆಯೊಳಗೆ ಮಡಚಿ ತನ್ನಿ. ನೆಲದ ಮೇಲೆ ಮಲಗುವವರು ಚಾಪೆಯ ಕೆಳಗೆ ಗೋಣಿತಟ್ಟು ಹಾಸಿಕೊಳ್ಳಿ, ಏಕೆಂದರೆ ಅರ್ಧ ಚಳಿ ನೆಲದಿಂದ ಏರುತ್ತದೆ. ಒಂದು ದಪ್ಪ ಹೊದಿಕೆಗಿಂತ ಎರಡು ಮೂರು ತೆಳು ಹೊದಿಕೆ ಬೆಚ್ಚಗಿರುತ್ತವೆ.

ಕಾವು ಬೇಕಾಗಿರುವುದು ಮೈಗೆ. ಅದನ್ನು ಅರಿವೆ, ಅನ್ನ, ಬಿಸಿಲು, ತಾಯಿಯ ಮಡಿಲು ಕೊಡುತ್ತವೆ. ಇಂದು ಮನೆಗೆ ಹೋದ ಮೇಲೆ ನಿಮ್ಮ ಓಣಿಯಲ್ಲಿ ಬಾಣಂತಿ ಇರುವ ಮನೆಗೆ ಹೋಗಿ, ಹೊರಸಿನ ಕೆಳಗೆ ಏನಿದೆ ಎಂದು ಒಮ್ಮೆ ನೋಡಿ ಬನ್ನಿ. ಕೆಂಡವಿದ್ದರೆ ಹೊರಗಿಡಿಸಿ, ಕಾರಣ ತಿಳಿಸಿ ಹೇಳಿ.