ಬೀಗದ ಹೊಟ್ಟೆಯೊಳಗೆ ಕಂಡದ್ದು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರವನ್ನು ಈಗಿನ ಕಾರ್ಯದರ್ಶಿಗಳು ಓದಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ., ನಮಗೆ ಗೊತ್ತಿರುವುದು ಕಾಫಿ, ಮೆಣಸು. ದೊಡ್ಡ ಭಾಷಣ ನಮ್ಮಿಂದಾಗದು. ಸಂಘದ ಹಳೇ ತಿಜೋರಿಯ ಬೀಗದ ಕಥೆಯೊಂದನ್ನು ಹೇಳಿ ಕುಳಿತುಕೊಳ್ಳುತ್ತೇವೆ.

ಆ ತಿಜೋರಿ ನಿಮಗೆಲ್ಲ ಗೊತ್ತು. ಎಸ್ಟೇಟ್ ಬಂಗಲೆಯೊಂದರ ಸಾಮಾನು ಮಾರಿದಾಗ ಸಂಘಕ್ಕೆ ತಂದದ್ದು. ಅಂಥವೇ ಎರಡಿದ್ದವು. ಒಂದರ ಬಾಗಿಲು ತುಕ್ಕು ಹಿಡಿದು ಹೋಗಿತ್ತು. ಅದರ ಬೀಗ ಮಾತ್ರ ಗೋಣಿಚೀಲದಲ್ಲಿ ಸುತ್ತಿ ಗೋದಾಮಿನ ಮೂಲೆಯಲ್ಲಿ ಬಿದ್ದಿತ್ತು. ಮಾಡಿದವರ ಹೆಸರಿನ ತಗಡು ಎರಡರ ಮೇಲೂ ಸವೆದುಹೋಗಿತ್ತು.

ಒಂದು ಆಷಾಢ. ದೇವರಮನೆ ಗುಡ್ಡದ ಮಳೆ ಗೊತ್ತಲ್ಲ, ಕಾಲಭೈರವೇಶ್ವರನ ಗುಡಿಯೂ ಮಂಜಿನಲ್ಲಿ ಕಾಣದ ದಿನಗಳು. ತಾಯಿಯೊಬ್ಬರು ಮಗಳ ನಿಶ್ಚಿತಾರ್ಥಕ್ಕೆಂದು ಅಡವಿಟ್ಟ ಸರ ಬಿಡಿಸಲು ಹಣ ಕಟ್ಟಿ ನಿಂತಿದ್ದರು. ಆಗಿನ ಕಾರ್ಯದರ್ಶಿಗಳು ಕೈ ಹಾಕಿ ತಿರುಗಿಸಿದರು. ಬೀಗ ಬರಲಿಲ್ಲ. ಎಣ್ಣೆ ಬಿಟ್ಟರು, ಆದರೂ ಬರಲಿಲ್ಲ. ಮಧ್ಯಾಹ್ನದೊಳಗೆ ಊರಲ್ಲಿ ಗುಸುಗುಸು ಶುರುವಾಯಿತು. "ಕೈ ಇರೋದು ಅವರ ಹತ್ರ ಒಬ್ಬರದ್ದೇ, ಒಳಗೆ ಚಿನ್ನ ಇದೆಯೋ ಇಲ್ವೋ" ಎಂದರು. ಗ್ಯಾಸ್ ಕಟ್ಟರ್ ತರಿಸಿ ಎಂದವರೂ ಇದ್ದರು.

ಮಾರನೇ ದಿನ ಮೂಡಿಗೆರೆ ಕಡೆಯಿಂದ ವಯಸ್ಸಾದ ಬೀಗದ ಮೇಸ್ತ್ರಿಯೊಬ್ಬರು ಬಂದರು. ತಿಜೋರಿ ಮುಟ್ಟಲೇ ಇಲ್ಲ. "ಗೌಡ್ರೇ, ಇಂಥದ್ದೇ ಇನ್ನೊಂದು ಬೀಗ ಇದೆಯಾ?" ಎಂದರು. ಗೋದಾಮಿನದ್ದು ತಂದುಕೊಟ್ಟೆವು. ಹಿಂದಿನ ತಗಡು ಬಿಚ್ಚಿ ಮೇಜಿನ ಮೇಲಿಟ್ಟರು.

"ಹೆಸರು ಸವೆದ್ರೆ ಏನಂತೆ, ಜಾತಿ ಹೊಟ್ಟೆಯೊಳಗಿರುತ್ತೆ" ಎಂದು ತೋರಿಸಿದರು. ತಿರುಗುವ ಉರುಟು ಕೊಳವೆ, ಅದರೊಳಗೆ ಸಣ್ಣ ಪಿನ್ನು, ಪಿನ್ನಿಗೊಂದು ಸ್ಪ್ರಿಂಗು ಇದ್ದರೆ ಅದು ಮನೆ ಬಾಗಿಲಿಗೆ ಹಾಕುವ ಯೇಲ್ ಜಾತಿ. ಸ್ಪ್ರಿಂಗಿಲ್ಲದೆ ಬಿಲ್ಲೆಗಳೇ ಸಾಲಾಗಿದ್ದರೆ ಫಿನ್ಲೆಂಡಿನಲ್ಲಿ 1907ರಲ್ಲಿ ಹುಟ್ಟಿದ ಜಾತಿ. ಒಂದರ ಮೇಲೊಂದು ಹಿತ್ತಾಳೆ ಎಲೆ ಜೋಡಿಸಿದ್ದರೆ ಲಿವರ್ ಬೀಗ. ಪ್ರತಿ ಎಲೆಗೂ ಒಂದು ಕಂಡಿ ಇರುತ್ತೆ. ಕೈ ತಿರುಗಿಸಿದಾಗ ಎಲ್ಲಾ ಎಲೆ ತಮ್ಮ ತಮ್ಮ ಎತ್ತರಕ್ಕೆ ಎದ್ದು ಕಂಡಿಗಳು ಒಂದೇ ಸಾಲಿಗೆ ಬಂದರೆ ಮಾತ್ರ ಬೀಗದ ನಾಲಿಗೆ ಹಿಂದೆ ಸರಿಯುತ್ತೆ. ಒಂದು ಎಲೆ ಕಡಿಮೆ ಎದ್ದರೂ ಆಗದು, ಹೆಚ್ಚು ಎದ್ದರೂ ಆಗದು.

ನಮ್ಮದು ಲಿವರ್ ಬೀಗ. ಆದರೆ ಒಂದು ಎಲೆಯ ಹಿಂದೆ ಸಣ್ಣ ಕೊಕ್ಕೆಯೂ ಸ್ಪ್ರಿಂಗೂ ಇತ್ತು. ಅದನ್ನು ಕಂಡ ಕೂಡಲೇ ಮೇಸ್ತ್ರಿ ನಕ್ಕರು. "ಇದು ಪತ್ತೇದಾರ ಬೀಗ. ಕೆಟ್ಟಿಲ್ಲ, ಕೆಲಸ ಮಾಡಿದೆ. ಯಾರೋ ಬೇರೆ ಕೈ ಹಾಕಿ ತಿರುಗಿಸಿದ್ದಾರೆ. ಎಲೆ ಜಾಸ್ತಿ ಎದ್ದು ಕೊಕ್ಕೆಗೆ ಸಿಕ್ಕಿಕೊಂಡಿದೆ. ಇನ್ನು ಅಸಲಿ ಕೈಗೂ ಬರಲ್ಲ. ಯಜಮಾನನಿಗೆ ಸುದ್ದಿ ಮುಟ್ಟಿಸೋ ರೀತಿ ಇದು."

ಆಮೇಲೆ ನಾವು ಓದಿ ತಿಳಿದುಕೊಂಡೆವು. 1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮೌತ್ ಹಡಗುಕಟ್ಟೆಯಲ್ಲಿ ಕಳ್ಳಗೈ ಹಾಕಿ ಕಳವಾಯಿತು. ಸರ್ಕಾರ 100 ಪೌಂಡ್ ಬಹುಮಾನ ಸಾರಿತು. 1818ರಲ್ಲಿ ಜೆರೆಮಿಯಾ ಚಬ್ ಎಂಬುವರು ಈ ಬೀಗ ಮಾಡಿದರು. ಮೊದಲು ಕೊಕ್ಕೆ ಬಿಡಿಸಲು ಬೇರೆ ಕೈ ಬೇಕಿತ್ತು. 1824ರಲ್ಲಿ ತಿದ್ದಿದ ಮೇಲೆ ಅಸಲಿ ಕೈಯನ್ನೇ ಹಾಕುವ ದಿಕ್ಕಿಗೆ ಒಮ್ಮೆ ತಿರುಗಿಸಿದರೆ ಸಾಕಾಯಿತು. ಹಾಗಂತ ಇದು ಬ್ರಹ್ಮನೂ ತೆಗೆಯಲಾರದ ಬೀಗವಲ್ಲ. 1851ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ಹಾಬ್ಸ್ ಎಂಬಾತ ಇದನ್ನೂ ತೆರೆದು ತೋರಿಸಿದ.

ಮೇಸ್ತ್ರಿ ಹಾಗೇ ಮಾಡಿದರು. ಅಸಲಿ ಕೈಯನ್ನು ಬೀಗ ಹಾಕುವ ದಿಕ್ಕಿಗೆ ತಿರುಗಿಸಿದರು. ಒಳಗೆ ಟಿಕ್ ಎಂದಿತು. ಮತ್ತೆ ಈ ಕಡೆ ತಿರುಗಿಸಿದರು, ಬಾಗಿಲು ಬಂತು. ಚಿನ್ನ ಒಂದು ಗುಂಜಿಯೂ ಕಡಿಮೆಯಿರಲಿಲ್ಲ. ಆ ತಾಯಿ ಸರ ಕಣ್ಣಿಗೊತ್ತಿಕೊಂಡು ಹೋದರು.

ಆದರೆ ಬೇರೆ ಕೈ ಹಾಕಿದ್ದು ಯಾರು? ಎಲ್ಲರ ಕಣ್ಣೂ ಮತ್ತೆ ಕಾರ್ಯದರ್ಶಿಗಳ ಮೇಲೆ ಹೋಯಿತು.

ಬಂಧುಗಳೇ, ಹಾಕಿದ್ದು ನಾವು. ಹಿಂದಿನ ಸಂಜೆ ಗೋದಾಮಿನಲ್ಲಿ ಹಳೇ ಕೈಗಳ ಗೊಂಚಲು ಸಿಕ್ಕಿತ್ತು. ತಿಜೋರಿಯ ಜೋಡಿ ಕೈ ಅದರಲ್ಲಿದೆಯೋ ಎಂದು ಒಂದೊಂದೇ ಹಾಕಿ ನೋಡಿದೆವು. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಆದರೆ ಯಾರಿಗೂ ಹೇಳಿರಲಿಲ್ಲ. ಆ ದಿನ ಕೋಣೆಯೊಳಗೆ ನಾಲ್ಕು ಜನರೆದುರು ಒಪ್ಪಿಕೊಂಡೆವು. ಊರಿನೆದುರು ಹೇಳಲು ನಾಚಿಕೆಯಾಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ. ಆ ಗುಸುಗುಸು ಅವರು ನಿವೃತ್ತರಾಗುವವರೆಗೂ ಅವರ ಬೆನ್ನ ಹಿಂದೆ ಇತ್ತು. ಅವರು ಒಮ್ಮೆಯೂ ನಮ್ಮ ಹೆಸರು ಎತ್ತಲಿಲ್ಲ. ಇವತ್ತು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಯಜಮಾನರೇ, ಈ ಸಭೆಯೆದುರು ಕೈಮುಗಿದು ಕ್ಷಮೆ ಕೇಳುತ್ತೇವೆ.

ಆಮೇಲೆ ಸಂಘದಲ್ಲಿ ಕ್ರಮ ಬದಲಾಯಿತು. ತಿಜೋರಿಗೆ ಇನ್ನೊಂದು ಬೀಗ ಕೂರಿಸಿ, ಎರಡು ಕೈ ಇಬ್ಬರ ಹತ್ತಿರ ಇಟ್ಟೆವು. ಬ್ಯಾಂಕ್ ಲಾಕರಿನಲ್ಲೂ ಹಾಗೇ ಅಲ್ಲವೇ, ಬ್ಯಾಂಕಿನ ಕೈ ಒಂದು, ಗಿರಾಕಿಯ ಕೈ ಒಂದು. ಕೈ ಕೊಟ್ಟದ್ದು, ತೆಗೆದುಕೊಂಡದ್ದು ಪುಸ್ತಕದಲ್ಲಿ ಸಹಿಯಾಗುತ್ತದೆ. ಇದು ಯಾರ ಮೇಲಿನ ಅನುಮಾನಕ್ಕೂ ಅಲ್ಲ. ಪ್ರಾಮಾಣಿಕನ ಮೇಲೆ ಅನುಮಾನ ಬರದಿರಲಿ ಎಂದು.

ನಿಮ್ಮ ಮನೆಯಲ್ಲೂ ಬೀಗ ಹಿಡಿದರೆ ಸುತ್ತಿಗೆ ಎತ್ತಬೇಡಿ. ಮೊದಲು ಅದು ಯಾವ ಜಾತಿ ಎಂದು ತಿಳಿದವರಿಗೆ ತೋರಿಸಿ. ಮನುಷ್ಯರ ವಿಷಯದಲ್ಲೂ ಅಷ್ಟೇ, ಒಳಗೆ ಏನಿದೆ ಎಂದು ನೋಡದೆ ಮಾತಾಡಬೇಡಿ.

ಜೈ ಸಹಕಾರ.