ಮಾಜಿ ಸೈನಿಕನಿಗೆ ನಿದ್ದೆ ಬಾರದಾಗ



ಸೇನೆಯ ಜವಾನ ನಿವೃತ್ತನಾಗಿ ಆಳಂದ ತಾಲ್ಲೂಕಿನ ನರೋಣಾದಂಥ ಊರಿಗೆ ಮರಳುವಾಗ ಅವನ ವಯಸ್ಸು ಸಾಮಾನ್ಯವಾಗಿ ನಲವತ್ತರ ಆಸುಪಾಸು. ಪಿಂಚಣಿ ಬರುತ್ತದೆ, ತೊಗರಿ ಹೊಲ ನೋಡಿಕೊಳ್ಳಬಹುದು. ಆದರೂ ಕೆಲವರಿಗೆ ರಾತ್ರಿ ಕಣ್ಣು ಹತ್ತುವುದಿಲ್ಲ. ಟ್ರ್ಯಾಕ್ಟರು ಢಬ್ಬೆಂದರೆ ಬೆಚ್ಚುತ್ತಾರೆ, ಜಾತ್ರೆಗೆ ಹೋಗಲು ಒಲ್ಲೆನ್ನುತ್ತಾರೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ. ಮಿಲಿಟರಿ ಕ್ಯಾಂಟೀನಿನ ರಮ್ಮು ಬೇಗ ಬೇಗ ಖಾಲಿಯಾಗುತ್ತದೆ.

ಮನೆಯವರು ಇದನ್ನು ‘ಮಿಲ್ಟ್ರಿ ಸಿಟ್ಟು’ ಎಂದು ಸಹಿಸಿಕೊಳ್ಳುತ್ತಾರೆ. ಗಾಳಿ ಸೋಕಿದೆ ಎನ್ನುವವರಿಗೆ ಅಫಜಲಪುರ ತಾಲ್ಲೂಕಿನ ಗಾಣಗಾಪುರ ದೂರವಲ್ಲ. ಭೀಮಾ–ಅಮರ್ಜಾ ಸಂಗಮದ ಆ ದತ್ತ ಕ್ಷೇತ್ರಕ್ಕೆ ಮನಸ್ಸು ಕದಡಿದವರನ್ನು ಕರೆತರುವ ರೂಢಿ ಹಳೆಯದು. ದೇವರಿಗೆ ಹರಕೆ ತೀರಿಸಲು ವೈದ್ಯರ ಅಡ್ಡಿಯಿಲ್ಲ. ಅವರು ಕೊಟ್ಟ ಮಾತ್ರೆ ನಿಲ್ಲಿಸಿ ಹೋಗಬಾರದು, ಅಷ್ಟೇ.

ಯುದ್ಧ ಕಂಡವರ ಇಂಥ ಸಂಕಟಕ್ಕೆ ಮನೋವೈದ್ಯರು ಹಲವು ಸಲ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಕಂಡ ಸಾವು ಕನಸಾಗಿ ಮತ್ತೆ ಮತ್ತೆ ಬರುವುದು, ಅದನ್ನು ನೆನಪಿಸುವ ಜಾಗ-ಜನರಿಂದ ದೂರವಿರುವುದು, ಮನಸ್ಸು ಮರಗಟ್ಟುವುದು, ಸದಾ ಕಟ್ಟೆಚ್ಚರದಲ್ಲಿರುವುದು ಇದರ ಲಕ್ಷಣ. ಇವು ತಿಂಗಳಿಗೂ ಮೀರಿ ಉಳಿದು ಬದುಕನ್ನು ಕೆಡಿಸಿದರೆ ಪರೀಕ್ಷೆ ಬೇಕು. ಸಿಟ್ಟು ಬಂದ ಸೈನಿಕರೆಲ್ಲ ರೋಗಿಗಳಲ್ಲ.

ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ. ಕಾಯಿಲೆ ಅದಕ್ಕಿಂತ ಹಳೆಯದು. ಮೊದಲ ಮಹಾಯುದ್ಧದಲ್ಲಿ ಇದನ್ನು ‘ಶೆಲ್ ಶಾಕ್’ ಎಂದರು. ಹೇಡಿಗಳೆಂಬ ಆರೋಪ ಹೊತ್ತು ತಮ್ಮದೇ ಸೇನೆಯ ಗುಂಡಿಗೆ ಬಲಿಯಾದವರೂ ಇದ್ದರು. 1917ರಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್ ಬೇರೆ ದಾರಿ ಹಿಡಿದರು. ‘ಮರೆತುಬಿಡು’ ಎಂಬ ಬುದ್ಧಿವಾದದಿಂದಲೇ ರೋಗ ಬಲಿಯುತ್ತದೆಂದು ಕಂಡುಕೊಂಡ ಅವರು, ಅಲ್ಲಿದ್ದ ಸೇನಾಧಿಕಾರಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. 

ಇಂದಿನ ಚಿಕಿತ್ಸೆಯ ತಿರುಳೂ ಮಾತೇ. ನುರಿತ ಚಿಕಿತ್ಸಕರ ಎದುರು ರೋಗಿ ಆ ಘಟನೆಯನ್ನು ವಾರವಾರ ಕ್ರಮವಾಗಿ ಹೇಳುತ್ತಾನೆ. ತಪ್ಪಿಸಿಕೊಂಡಿದ್ದ ಸಂತೆ, ಬಸ್ಸು, ಜನಜಂಗುಳಿಗೆ ಹಂತ ಹಂತವಾಗಿ ಮರಳುತ್ತಾನೆ. ಅಪಾಯ ಮುಗಿದಿದೆ ಎಂಬುದು ಮೈಗೂ ಗೊತ್ತಾಗಬೇಕು. ಸರ್ಟ್ರಲೀನ್‌ನಂಥ ಮಾತ್ರೆಗಳೂ ಉಂಟು. ಅವು ಹಿಡಿಯಲು ಕೆಲವು ವಾರ ಬೇಕು. ಎರಡೇ ದಿನಕ್ಕೆ ‘ಗುಣ ಇಲ್ಲ’ ಎಂದು ಬಿಡಬಾರದು.

ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆ. ನಿದ್ದೆಗೆಂದು ಶುರುವಾದ ಪೆಗ್ಗು ನಿದ್ದೆಯನ್ನೇ ಕೆಡಿಸುತ್ತದೆ. ಆದರೆ ವರ್ಷಗಟ್ಟಲೆ ಕುಡಿದವರು ಆಣೆ ಹಾಕಿ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹತ್ತಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಇನ್ನೊಂದು ಎಚ್ಚರಿಕೆ ಬಂದೂಕಿನದು. ಎಷ್ಟೋ ಮಾಜಿ ಸೈನಿಕರು ಕಾವಲು ಕೆಲಸ ಹಿಡಿಯುವುದರಿಂದ ಪರವಾನಗಿ ಬಂದೂಕು ಮನೆಯಲ್ಲಿರುವುದುಂಟು. ಸಾಯುವ ಮಾತು ಕೇಳಿಬಂದರೆ ಮೊದಲು ಆ ಬಂದೂಕು ಅವರ ಕೈಗೆ ಸಿಗದಂತಾಗಬೇಕು.

ಚಿಕಿತ್ಸೆಗೆ ಎಲ್ಲರೂ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೇ ಹೋಗಬೇಕಿಲ್ಲ. ಆ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ, ಊರ ಹತ್ತಿರವೇ ಚಿಕಿತ್ಸೆ ಕೊಡುವ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಆಳಂದ, ಅಫಜಲಪುರ, ಜೇವರ್ಗಿಯವರು ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಪಿಂಚಣಿದಾರರಿಗೂ ಅವರ ಅವಲಂಬಿತರಿಗೂ 2003ರಲ್ಲಿ ಆರಂಭವಾದ ಇಸಿಎಚ್ಎಸ್ ಆರೋಗ್ಯ ಯೋಜನೆಯಿದೆ. 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಘಟಕ ಸೈನ್ಯಕ್ಕೆಂದೇ ತೆರೆಯಿತು. ಟೆಲಿ ಮಾನಸ್‌ನ ಸಾಮಾನ್ಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಸೈನಿಕ ಒಪ್ಪದಿದ್ದರೆ ಅವನ ಹೆಂಡತಿಯೋ ತಾಯಿಯೋ ಕರೆ ಮಾಡಿ ಕೇಳಬಹುದು.